ವೈರ್ ಬೇಕೋ ಬೇಡವೋ: ಕಿವಿ ಮುಚ್ಚುವ ಹೆಡ್‌ಫೋನ್ ಕೊಳ್ಳುವ ಮುನ್ನ

ಹೆಡ್‌ಫೋನ್ ಬೇಕೆಂದು ಅಂಗಡಿಗೆ ಹೋದರೆ ಎದುರಾಗುವ ಮೊದಲ ಪ್ರಶ್ನೆ ‘ಬಜೆಟ್ ಎಷ್ಟು?’. ಅದಕ್ಕೆ ಉತ್ತರ ಕೊಟ್ಟ ಕ್ಷಣದಲ್ಲೇ ಅರ್ಧ ನಿರ್ಧಾರ ನಿಮ್ಮ ಕೈ ಜಾರಿರುತ್ತದೆ. ಉಳಿದರ್ಧವನ್ನು ಡಬ್ಬಿಯ ಮೇಲಿನ ದಪ್ಪಕ್ಷರಗಳು ಮುಗಿಸುತ್ತವೆ. ಸ್ನೇಹಿತರನ್ನು ಕೇಳಿದರೆ, ವೈರ್ ಇರುವುದರ ಧ್ವನಿಗೆ ಸಾಟಿಯೇ ಇಲ್ಲ ಎನ್ನುವ ಒಬ್ಬರು, ವೈರ್ ಕಾಲ ಮುಗಿಯಿತು ಎನ್ನುವ ಇನ್ನೊಬ್ಬರು ಸಿಕ್ಕೇ ಸಿಗುತ್ತಾರೆ. ಇಬ್ಬರೂ ಹೇಳುತ್ತಿರುವುದು ತಮ್ಮ ಬಳಕೆಯ ಬಗ್ಗೆ, ನಿಮ್ಮದರ ಬಗ್ಗೆ ಅಲ್ಲ. ನನ್ನ ಮಟ್ಟಿಗೆ ಧ್ವನಿಯ ಗುಣಮಟ್ಟ ಈ ಆಯ್ಕೆಯಲ್ಲಿ ಕೊನೆಯ ಸಾಲಿನಲ್ಲಿ ಕೂರಬೇಕಾದ ಸಂಗತಿ. ಯಾವ ಉಪಕರಣಕ್ಕೆ, ಯಾವ ಜಾಗದಲ್ಲಿ, ಯಾವ ಕೆಲಸಕ್ಕೆ ಎಂಬ ಮೂರಕ್ಕೆ ಉತ್ತರ ಸಿಕ್ಕರೆ ವೈರ್ ಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ತಾನಾಗಿ ತೀರ್ಮಾನವಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಇಡೀ ಕಿವಿಯನ್ನು ಸುತ್ತುವರಿದು ತಲೆಯ ಮೇಲೆ ಕೂರುವ ದೊಡ್ಡ ಹೆಡ್‌ಫೋನ್‌ಗಳ ಬಗ್ಗೆ ಮಾತ್ರ. ಕಿವಿಯೊಳಗೆ ಸಿಕ್ಕಿಸುವ ಪುಟ್ಟ ಇಯರ್‌ಬಡ್‌ಗಳ ಲೆಕ್ಕಾಚಾರ ಬೇರೆ.

ಮೊದಲ ಹೆಜ್ಜೆ: ಒಂದು ವಾರದ ಬಳಕೆಯನ್ನು ಬರೆದುಕೊಳ್ಳಿ

ಮುಂದಿನ ವಾರ ಹೆಡ್‌ಫೋನ್ ಎಲ್ಲೆಲ್ಲಿ ನಿಮ್ಮ ತಲೆಯ ಮೇಲಿರಬಹುದು ಎಂದು ಒಂದು ಚೀಟಿಯಲ್ಲಿ ಗುರುತು ಹಾಕಿ. ಮೇಜಿನ ಮುಂದೆ ಕುಳಿತೋ, ಬಸ್ಸಿನಲ್ಲೋ, ಅಡುಗೆಮನೆಯಲ್ಲಿ ಓಡಾಡುತ್ತಲೋ? ಎದುರಿಗಿರುವುದು ಮೊಬೈಲೇ, ಲ್ಯಾಪ್‌ಟಾಪೇ, ಟಿ.ವಿ.ಯೇ, ಸಂಗೀತದ ಕೀಬೋರ್ಡೇ? ಬರೀ ಕೇಳುವುದೋ, ಮಾತನಾಡುವುದೂ ಇದೆಯೋ?

ಈ ಚೀಟಿ ನೋಡಿದರೆ ಕೆಲವರ ಉತ್ತರ ಇಲ್ಲಿಗೇ ಮುಗಿಯುತ್ತದೆ. ಮನೆಯವರೆಲ್ಲ ಮಲಗಿದ ಮೇಲೆ ಟಿ.ವಿ. ನೋಡುವ ಹಿರಿಯರಿಗೆ ವೈರ್ ಎಳೆದು ಕೊಡುವುದು ಕಾಲಿಗೆ ತೊಡಕು. ಅಲ್ಲಿ ವೈರ್‌ಲೆಸ್ಸೇ ಸರಿ. ಟಿ.ವಿ.ಯಲ್ಲಿ ಬ್ಲೂಟೂತ್ ಇದೆಯೇ ಎಂದು ಮಾತ್ರ ಮೊದಲು ನೋಡಿ; ಇಲ್ಲದಿದ್ದರೆ ಅದರ ಆಡಿಯೊ ಔಟ್‌ಗೆ ಜೋಡಿಸುವ ಬ್ಲೂಟೂತ್ ಟ್ರಾನ್ಸ್‌ಮಿಟರ್ ಬೇಕಾಗುತ್ತದೆ. ಡಿಜಿಟಲ್ ಪಿಯಾನೊ ಅಥವಾ ಕೀಬೋರ್ಡ್ ನುಡಿಸುವ ಮಗಳಿಗೆ ಹೆಡ್‌ಫೋನ್ ಹುಡುಕುತ್ತಿದ್ದರೆ ವೈರ್ ಇರುವುದನ್ನು ಕೊಂಡು ಈ ಲೇಖನವನ್ನು ಇಲ್ಲೇ ನಿಲ್ಲಿಸಬಹುದು. ಕಾರಣ ಮುಂದೆ ಬರುತ್ತದೆ.

ಎರಡನೆಯ ಹೆಜ್ಜೆ: ಉಪಕರಣದಲ್ಲಿ ರಂಧ್ರ ಇದೆಯೇ ನೋಡಿ

2016ರಲ್ಲಿ ಐಫೋನ್ 7 ತನ್ನ 3.5 ಮಿಲಿಮೀಟರ್ ಜ್ಯಾಕನ್ನು ಕೈಬಿಟ್ಟಿತು. ನಂತರದ ವರ್ಷಗಳಲ್ಲಿ ದುಬಾರಿ ಆಂಡ್ರಾಯ್ಡ್ ಫೋನ್‌ಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ಹಾಗೆಂದು ವೈರ್ ಹೆಡ್‌ಫೋನ್ ಅಸಾಧ್ಯವೇನಲ್ಲ. ಯುಎಸ್‌ಬಿ-ಸಿ ಕಿಂಡಿಗೆ ಸಿಕ್ಕಿಸುವ ಗೇಣುದ್ದದ ಅಡಾಪ್ಟರ್ ಸಾಕು. ಆದರೆ ನೋಡಲು ಒಂದೇ ತೆರನಾದ ಈ ಅಡಾಪ್ಟರ್‌ಗಳಲ್ಲಿ ಎರಡು ಜಾತಿ ಇವೆ. ಒಂದರೊಳಗೆ ಡಿಜಿಟಲ್ ಸಂಕೇತವನ್ನು ಧ್ವನಿಯ ವಿದ್ಯುತ್ತಾಗಿ ಬದಲಿಸುವ ಚಿಪ್, ಅಂದರೆ ಡ್ಯಾಕ್ ಇರುತ್ತದೆ. ಇನ್ನೊಂದರಲ್ಲಿ ಬರೀ ತಂತಿ ಇರುತ್ತದೆ. ಅದು ಯುಎಸ್‌ಬಿ-ಸಿ ಮೂಲಕವೇ ಅನಲಾಗ್ ಧ್ವನಿ ಹೊರಬಿಡುವ ಕೆಲವೇ ಫೋನ್‌ಗಳಲ್ಲಿ ಕೆಲಸ ಮಾಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮ ಊರಿನ ಮೊಬೈಲ್ ಅಂಗಡಿಯಲ್ಲಾಗಲಿ ಅಡಾಪ್ಟರ್ ಕೊಳ್ಳುವಾಗ ‘ಡ್ಯಾಕ್ ಇರುವುದು’ ಎಂದು ಬಿಡಿಸಿ ಕೇಳಿ, ನಿಮ್ಮ ಫೋನಿಗೇ ಹಾಕಿ ಹಾಡು ಕೇಳಿ, ಆಮೇಲೆ ಹಣ ಕೊಡಿ.

ಅಡಾಪ್ಟರ್‌ನ ಇನ್ನೊಂದು ಕಿರಿಕಿರಿ ಎಂದರೆ ಹಾಡು ಕೇಳುತ್ತ ಚಾರ್ಜ್ ಮಾಡಲಾಗದು. ಎರಡು ಕಿಂಡಿಗಳಿರುವ ಅಡಾಪ್ಟರ್‌ಗಳು ಸಿಗುತ್ತವಾದರೂ ಮೊಬೈಲ್‌ಗೆ ಜೋತುಬಿದ್ದ ಆ ಗೊಂಚಲನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುವ ಉತ್ಸಾಹ ಬಹಳ ದಿನ ಉಳಿಯುವುದಿಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ 3.5 ಜ್ಯಾಕ್ ಇನ್ನೂ ಸಾಮಾನ್ಯ. ಹಾಗಾಗಿ ಚೀಟಿಯಲ್ಲಿ ಲ್ಯಾಪ್‌ಟಾಪ್ ಹೆಚ್ಚು ಸಲ ಬಂದಿದ್ದರೆ ವೈರ್ ಕಡೆಗೆ ಒಂದು ಗುರುತು, ಮೊಬೈಲ್ ಹೆಚ್ಚು ಬಂದಿದ್ದರೆ ವೈರ್‌ಲೆಸ್ ಕಡೆಗೆ ಒಂದು ಗುರುತು ಹಾಕಿಕೊಳ್ಳಿ.

ಮೂರನೆಯ ಹೆಜ್ಜೆ: ತಡವನ್ನು ಅಳೆಯಿರಿ

ಅಂಗಡಿಯವರು ಸಾಮಾನ್ಯವಾಗಿ ಬಾಯಿ ಬಿಡದ ವಿಷಯ ಇದು. ಬ್ಲೂಟೂತ್‌ನಲ್ಲಿ ಧ್ವನಿಯನ್ನು ಕುಗ್ಗಿಸಿ, ಪೊಟ್ಟಣ ಕಟ್ಟಿ, ರೇಡಿಯೊ ತರಂಗದಲ್ಲಿ ಕಳಿಸಿ, ಆ ಕಡೆ ಬಿಚ್ಚಿ, ಮತ್ತೆ ಧ್ವನಿಯಾಗಿಸಬೇಕು. ದಾರಿಯಲ್ಲಿ ಕಳೆದುಹೋದ ಪೊಟ್ಟಣಗಳನ್ನು ಮತ್ತೆ ತರಿಸಿಕೊಳ್ಳಲು ಹೆಡ್‌ಫೋನ್ ಒಂದಿಷ್ಟನ್ನು ಮೊದಲೇ ಕೂಡಿಟ್ಟುಕೊಳ್ಳುತ್ತದೆ. ಇದೆಲ್ಲ ಸೇರಿ ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನಲ್ಲಿ 150ರಿಂದ 250 ಮಿಲಿಸೆಕೆಂಡ್ ತಡವಾಗುತ್ತದೆ. ವೈರ್‌ನಲ್ಲಿ ಈ ತಡ ಇಲ್ಲವೆನ್ನುವಷ್ಟು ಕಡಿಮೆ.

ಕಾಲು ಸೆಕೆಂಡ್ ಯಾವ ಲೆಕ್ಕ ಎನಿಸಬಹುದು. ಸಂಗೀತ ಕಲಿಯುತ್ತಿರುವವರು ಹೀಗೆ ನೋಡಿ: ನಿಮಿಷಕ್ಕೆ 60 ಎಣಿಕೆಯ ವೇಗದಲ್ಲಿ ಆದಿತಾಳ ಹಾಕುತ್ತ, ಒಂದು ಎಣಿಕೆಗೆ ನಾಲ್ಕು ಅಕ್ಷರದಂತೆ ಸರಳೆ ವರಸೆ ಹಾಡಿದರೆ ಒಂದು ಅಕ್ಷರಕ್ಕೆ ಸಿಗುವುದು 250 ಮಿಲಿಸೆಕೆಂಡ್. ಅಂದರೆ ಬ್ಲೂಟೂತ್‌ನ ತಡ ಹತ್ತಿರ ಹತ್ತಿರ ಒಂದು ಇಡೀ ಸ್ವರದಷ್ಟು. ಫೋನಿನಲ್ಲಿ ಬರುವ ಹಾಡಿಗೆ ಮೃದಂಗ ನುಡಿಸಿ ಅದನ್ನೇ ಧ್ವನಿಮುದ್ರಿಸಿಕೊಂಡರೆ, ನುಡಿಸುವಾಗ ಸರಿಯಾಗಿದ್ದ ಸಮ, ಅಂದರೆ ತಾಳದ ಮೊದಲ ಪೆಟ್ಟು, ಆಮೇಲೆ ಕೇಳುವಾಗ ಹಿಂದೆ ಬಿದ್ದಿರುತ್ತದೆ. ಕೆಲವು ತಂತ್ರಾಂಶಗಳಲ್ಲಿ ಇದನ್ನು ಸರಿದೂಗಿಸುವ ಆಯ್ಕೆ ಇದ್ದರೂ, ಹಾಡುತ್ತಿರುವಾಗಲೇ ನಿಮ್ಮದೇ ದನಿಯನ್ನು ಹೆಡ್‌ಫೋನಿನಲ್ಲಿ ಕೇಳಬೇಕಾದರೆ ಯಾವ ಆಯ್ಕೆಯೂ ಸಹಾಯಕ್ಕೆ ಬರುವುದಿಲ್ಲ. ಸ್ವಂತ ಮಾತು ಕಾಲು ಸೆಕೆಂಡ್ ತಡವಾಗಿ ಕಿವಿಗೆ ಬಿದ್ದರೆ ನಿರರ್ಗಳವಾಗಿ ಮಾತನಾಡುವವರ ನಾಲಿಗೆಯೂ ತೊಡರುತ್ತದೆ.

ಅದೇ ತಂಬೂರಿ ಆ್ಯಪ್ ಹಾಕಿಕೊಂಡು ಶ್ರುತಿಗೆ ಹಾಡುವವರಿಗೆ ಬ್ಲೂಟೂತ್ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಶ್ರುತಿ ಎಡೆಬಿಡದೆ ಹರಿಯುವಂಥದ್ದು, ಅದು ಕಾಲು ಸೆಕೆಂಡ್ ತಡವಾಗಿ ಬಂದರೆ ಕಳೆದುಕೊಳ್ಳುವುದೇನಿದೆ! ಸಂಗೀತಗಾರರಿಗೆಲ್ಲ ವೈರೇ ಬೇಕು ಎಂಬ ಸಾರಾಸಗಟು ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಲಯದೊಂದಿಗೆ ಸೇರಬೇಕಾದಲ್ಲಿ ವೈರ್ ಬೇಕು, ಬರೀ ಕೇಳುವಲ್ಲಿ ಬೇಡ.

ಸಿನಿಮಾ, ಯೂಟ್ಯೂಬ್ ನೋಡುವವರೂ ಹೆದರಬೇಕಿಲ್ಲ. ಬಹುತೇಕ ಫೋನ್‌ಗಳಲ್ಲಿ ತಡದ ಲೆಕ್ಕ ಹಿಡಿದು ಚಿತ್ರವನ್ನೂ ಅಷ್ಟೇ ತಡಮಾಡಿ ತೋರಿಸುವುದರಿಂದ ತುಟಿ ಮತ್ತು ಮಾತು ಹೊಂದಿಕೊಳ್ಳುತ್ತವೆ. ಆಟ ಆಡುವಾಗ ಮಾತ್ರ ಈ ಉಪಾಯ ನಡೆಯುವುದಿಲ್ಲ; ಗುಂಡಿ ಒತ್ತಿದ ಮೇಲೆ ಸದ್ದು ಬರಬೇಕು, ಮುಂಚಿತವಾಗಿ ತಿಳಿಯುವಂತಿಲ್ಲ. ಗೇಮಿಂಗ್‌ಗೆ ವೈರ್‌ಲೆಸ್ಸೇ ಬೇಕೆಂದರೆ ಬ್ಲೂಟೂತ್ ಬಿಟ್ಟು, ತನ್ನದೇ 2.4 ಗಿಗಾಹರ್ಟ್ಸ್ ಯುಎಸ್‌ಬಿ ಡಾಂಗಲ್ ಜೊತೆಗೆ ಬರುವ ಹೆಡ್‌ಸೆಟ್ ನೋಡಿ. ಅದರಲ್ಲಿ ತಡ ಬಹಳ ಕಡಿಮೆ.

ಕೊಳ್ಳುವ ಮುನ್ನ ಒಂದು ಸುಲಭ ಪರೀಕ್ಷೆ: ಫೋನಿನಲ್ಲಿ ಉಚಿತ ಪಿಯಾನೊ ಆ್ಯಪ್ ಒಂದನ್ನು ಹಾಕಿ, ಯಾರದಾದರೂ ಬ್ಲೂಟೂತ್ ಹೆಡ್‌ಫೋನ್ ಎರವಲು ಪಡೆದು, ಅದರ ಕೀಗಳನ್ನು ಬೇಗ ಬೇಗ ಒತ್ತಿ ನೋಡಿ. ಬೆರಳಿಗೂ ಸದ್ದಿಗೂ ನಡುವಿನ ಅಂತರ ನಿಮಗೆ ಸಹ್ಯವೇ ಎಂಬುದು ಅಲ್ಲೇ ಗೊತ್ತಾಗುತ್ತದೆ.

ನಾಲ್ಕನೆಯ ಹೆಜ್ಜೆ: ಮೀಟಿಂಗ್‌ಗಳ ಪಾಲೆಷ್ಟು?

ದುಬಾರಿ ಬ್ಲೂಟೂತ್ ಹೆಡ್‌ಫೋನಿನಲ್ಲಿ ಹಾಡು ಸೊಗಸಾಗಿ ಬರುತ್ತಿದ್ದು, ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಶುರುವಾದೊಡನೆ ಎಲ್ಲರ ದನಿಯೂ ಹಳೆಯ ಟ್ರಂಕ್ ಕಾಲ್‌ನಂತೆ ಸೊರಗುವುದನ್ನು ಗಮನಿಸಿರಬಹುದು. ಹೆಡ್‌ಫೋನ್ ಕೆಟ್ಟಿರುವುದಿಲ್ಲ. ಹಾಡು ಕೇಳಿಸಲು ಬ್ಲೂಟೂತ್ ಬಳಸುವ ವಿಧಾನ ಒಂದೇ ದಿಕ್ಕಿನದು. ಮೈಕ್ ಚಾಲೂ ಆದರೆ ಅದು ಎರಡು ದಿಕ್ಕಿನ ಹ್ಯಾಂಡ್ಸ್‌ಫ್ರೀ ವಿಧಾನಕ್ಕೆ ಹೊರಳುತ್ತದೆ. ಅದರಲ್ಲಿ ಸ್ಟೀರಿಯೊ ಇಲ್ಲ, ಧ್ವನಿಯ ಸ್ಯಾಂಪಲಿಂಗ್ ದರ, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದು ದಾಖಲಿಸುತ್ತದೆ ಎಂಬ ಲೆಕ್ಕ, ಸಾಮಾನ್ಯವಾಗಿ 8 ಅಥವಾ 16 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಸಿ.ಡಿ.ಯದ್ದು 44.1 ಎಂದು ನೆನಪಿಸಿಕೊಂಡರೆ ನಷ್ಟದ ಅಂದಾಜು ಸಿಗುತ್ತದೆ. ಬ್ಲೂಟೂತ್‌ನ ಹೊಸ ಎಲ್‌ಇ ಆಡಿಯೊ ವ್ಯವಸ್ಥೆ ಈ ಕೊರತೆಯನ್ನು ನೀಗಿಸುವಂಥದ್ದಾದರೂ ಲ್ಯಾಪ್‌ಟಾಪ್ ಮತ್ತು ಹೆಡ್‌ಫೋನ್ ಎರಡರಲ್ಲೂ ಅದು ಇರಬೇಕು.

ಖರ್ಚಿಲ್ಲದ ಪರಿಹಾರವೊಂದಿದೆ. ಮೀಟಿಂಗ್ ತಂತ್ರಾಂಶದ ಆಡಿಯೊ ಸೆಟ್ಟಿಂಗ್‌ನಲ್ಲಿ ಸ್ಪೀಕರ್ ಎಂಬಲ್ಲಿ ಹೆಡ್‌ಫೋನನ್ನೂ ಮೈಕ್ ಎಂಬಲ್ಲಿ ಲ್ಯಾಪ್‌ಟಾಪ್‌ನ ಸ್ವಂತ ಮೈಕನ್ನೂ ಆರಿಸಿಕೊಳ್ಳಿ. ಕೋಣೆ ನಿಶ್ಶಬ್ದವಾಗಿದ್ದರೆ ಕೇಳುವುದೂ ಚೆನ್ನ, ನಿಮ್ಮ ದನಿಯೂ ಚೆನ್ನ. ಪಕ್ಕದಲ್ಲಿ ಮಿಕ್ಸರ್ ತಿರುಗುತ್ತಿದ್ದರೆ ಹೆಡ್‌ಫೋನಿನ ಮೈಕೇ ವಾಸಿ, ಏಕೆಂದರೆ ಸುತ್ತಲಿನ ಗದ್ದಲವನ್ನು ಸೋಸುವ ವ್ಯವಸ್ಥೆ ಒಳ್ಳೆಯ ವೈರ್‌ಲೆಸ್ ಮಾದರಿಗಳಲ್ಲಿ ಇರುತ್ತದೆ. ಇನ್ನು ಸ್ಟುಡಿಯೊಗಳಿಗೆಂದು ಮಾಡಿದ ವೈರ್ ಹೆಡ್‌ಫೋನ್‌ಗಳಲ್ಲಿ ಮೈಕ್ ಎಂಬುದೇ ಇರುವುದಿಲ್ಲ. ದಿನವಿಡೀ ಕರೆಯಲ್ಲಿರುವವರು ಇದನ್ನು ಮರೆತು ಕೊಂಡರೆ ಕಷ್ಟ.

ಲ್ಯಾಪ್‌ಟಾಪ್ ಮತ್ತು ಫೋನ್ ಎರಡಕ್ಕೂ ಒಟ್ಟಿಗೆ ಜೋಡಿಸಿಕೊಂಡು, ಮೀಟಿಂಗ್ ಮುಗಿದೊಡನೆ ಮನೆಯಿಂದ ಬಂದ ಕರೆಯನ್ನು ಅದೇ ಹೆಡ್‌ಫೋನಿನಲ್ಲಿ ಎತ್ತುವ ಸೌಲಭ್ಯಕ್ಕೆ ಮಲ್ಟಿಪಾಯಿಂಟ್ ಎನ್ನುತ್ತಾರೆ. ಕಚೇರಿ ಕೆಲಸಕ್ಕೆ ವೈರ್‌ಲೆಸ್ ಕೊಳ್ಳುವವರು ಉಳಿದ ಹತ್ತು ಸೌಲಭ್ಯ ಬಿಟ್ಟರೂ ಇದನ್ನು ಬಿಡಬಾರದು.

ಐದನೆಯ ಹೆಜ್ಜೆ: ಸುತ್ತಲಿನ ಗದ್ದಲ ಯಾವ ಬಗೆಯದು?

ಗದ್ದಲ ತಗ್ಗಿಸುವ ತಂತ್ರ, ಅಂದರೆ ಎಎನ್‌ಸಿ, ಹೊರಗಿನ ಸದ್ದನ್ನು ಪುಟ್ಟ ಮೈಕ್‌ನಿಂದ ಕೇಳಿಸಿಕೊಂಡು ಅದಕ್ಕೆ ನೇರ ವಿರುದ್ಧವಾದ ತರಂಗವನ್ನು ಒಳಗೆ ಹುಟ್ಟಿಸುತ್ತದೆ. ಹೀಗಾಗಿ ಒಂದೇ ಸಮನೆ ಮೊರೆಯುವ ತಗ್ಗು ಸದ್ದುಗಳ ಮೇಲೆ ಅದರ ಕೈ ಮೇಲು: ರಾತ್ರಿ ಬಸ್ಸಿನ ಇಂಜಿನ್, ವಿಮಾನ, ಎ.ಸಿ. ಹಠಾತ್ತನೆ ಬರುವ ಹಾರ್ನ್, ಪಕ್ಕದ ಸೀಟಿನವರ ಹರಟೆ, ಕುಕ್ಕರ್ ಸೀಟಿ ಇವುಗಳ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಅವನ್ನು ತಡೆಯುವುದು ಕಿವಿ ಮುಚ್ಚುವ ಕುಶನ್‌ನ ಗಟ್ಟಿತನ. ಎಎನ್‌ಸಿ ಇರುವ ಒಳ್ಳೆಯ ಹೆಡ್‌ಫೋನ್‌ಗಳು ಇಂದು ಬಹುಪಾಲು ವೈರ್‌ಲೆಸ್. ಹುಬ್ಬಳ್ಳಿಗೋ ಮಂಗಳೂರಿಗೋ ಆಗಾಗ ರಾತ್ರಿ ಬಸ್ ಹಿಡಿಯುವವರ ಆಯ್ಕೆ ಅಲ್ಲಿಗೆ ಮುಗಿದಂತೆ.

ಇದು ಸುಖದ ಪ್ರಶ್ನೆಯಷ್ಟೇ ಅಲ್ಲ. ಗದ್ದಲದ ನಡುವೆ ನಾವು ವಾಲ್ಯೂಮ್ ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಸುರಕ್ಷಿತ. 90 ಡೆಸಿಬಲ್‌ಗೆ ಏರಿದರೆ ಅದು ವಾರಕ್ಕೆ 4 ಗಂಟೆಗೆ ಇಳಿಯುತ್ತದೆ. ಮಕ್ಕಳಿಗೆ 40 ಗಂಟೆಯ ಮಿತಿ 75 ಡೆಸಿಬಲ್. ಇಂಜಿನ್ ಮೊರೆತ ತಗ್ಗಿದರೆ ವಾಲ್ಯೂಮ್ ತಾನಾಗಿ ಇಳಿಯುತ್ತದೆ. ಆದರೆ ರಸ್ತೆಯಲ್ಲಿ ನಡೆಯುವಾಗ ಎಎನ್‌ಸಿಯನ್ನು ಆಫ್ ಮಾಡಿ, ಅಥವಾ ಹೆಡ್‌ಫೋನನ್ನೇ ತೆಗೆದು ಕೊರಳಿಗೆ ಹಾಕಿಕೊಳ್ಳಿ.

ಮನೆಯ ನಿಶ್ಶಬ್ದ ಕೋಣೆಯಲ್ಲಿ ಕೇಳುವವರಿಗೆ ಇದರ ಅಗತ್ಯವೇ ಇಲ್ಲ. ಅವರು ಹಿಂಬದಿ ಜಾಲರಿಯಿರುವ ತೆರೆದ ವೈರ್ ಹೆಡ್‌ಫೋನ್‌ಗಳನ್ನೊಮ್ಮೆ ಕೇಳಿ ನೋಡಬೇಕು. ಧ್ವನಿ ತಲೆಯೊಳಗೆ ಒತ್ತರಿಸಿದಂತಿರದೆ ಹೊರಗೆ ಹರಡಿಕೊಂಡಂತಿರುತ್ತದೆ, ಕಿವಿಗೆ ಸೆಕೆಯೂ ಕಡಿಮೆ. ಆದರೆ ನೀವು ಕೇಳುವುದೆಲ್ಲ ಪಕ್ಕದವರಿಗೂ ಕೇಳಿಸುತ್ತದೆ. ಹಾಡಿ ಧ್ವನಿಮುದ್ರಿಸುವಾಗ ಮೈಕ್‌ಗೂ ಸೋರುತ್ತದೆ.

ಆರನೆಯ ಹೆಜ್ಜೆ: ಡಬ್ಬಿಯ ಮೇಲಿನ ಅಕ್ಷರಗಳನ್ನು ಓದಿ

ವೈರ್‌ಲೆಸ್ ಡಬ್ಬಿಯ ಮೇಲೆ ಎಸ್‌ಬಿಸಿ, ಎಎಸಿ, ಆಪ್ಟ್‌ಎಕ್ಸ್, ಎಲ್‌ಡ್ಯಾಕ್ ಎಂದೆಲ್ಲ ಇರುತ್ತದೆ. ಇವು ಧ್ವನಿಯನ್ನು ಕುಗ್ಗಿಸಿ ಕಳಿಸುವ ವಿಧಾನಗಳು, ಕೋಡೆಕ್‌ಗಳು. ಎಸ್‌ಬಿಸಿ ಎಲ್ಲದರಲ್ಲೂ ಕಡ್ಡಾಯ. ಸೋನಿಯ ಎಲ್‌ಡ್ಯಾಕ್ ಸೆಕೆಂಡಿಗೆ ಗರಿಷ್ಠ 990 ಕಿಲೋಬಿಟ್ ಸಾಗಿಸುತ್ತದೆ, ಸಿ.ಡಿ.ಯ ಧ್ವನಿಗೆ ಬೇಕಾದದ್ದು 1411. ಕೋಡೆಕ್ ಕೆಲಸ ಮಾಡಬೇಕಾದರೆ ಅದು ಎರಡೂ ಕಡೆ ಇರಬೇಕು. ಐಫೋನ್ ಬಳಸುವುದು ಎಎಸಿ ಮತ್ತು ಎಸ್‌ಬಿಸಿಯನ್ನಷ್ಟೇ. ಹಾಗಾಗಿ ಐಫೋನ್ ಇರುವವರು ಎಲ್‌ಡ್ಯಾಕ್‌ಗೆಂದೇ ಹೆಚ್ಚು ಹಣ ಕೊಡುವುದು ವ್ಯರ್ಥ. ಆಂಡ್ರಾಯ್ಡ್‌ನಲ್ಲಿ 8ನೇ ಆವೃತ್ತಿಯಿಂದ ಅದು ಲಭ್ಯವಿದ್ದರೂ ಹಲವು ಬಾರಿ ಬ್ಲೂಟೂತ್ ಸೆಟ್ಟಿಂಗ್‌ಗೆ ಹೋಗಿ ನಾವೇ ಚಾಲೂ ಮಾಡಬೇಕು. ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ4ರಂಥ ಹೆಸರಾಂತ ಮಾದರಿಯಲ್ಲೇ ಎರಡು ಉಪಕರಣಗಳಿಗೆ ಜೋಡಿಸಿಕೊಂಡರೆ ಎಲ್‌ಡ್ಯಾಕ್ ಸಿಗುವುದಿಲ್ಲ.

ನಿಜ ಹೇಳಬೇಕೆಂದರೆ ಒಳ್ಳೆಯ ಎಎಸಿಗೂ ಎಲ್‌ಡ್ಯಾಕ್‌ಗೂ ಇರುವ ವ್ಯತ್ಯಾಸವನ್ನು ಬಸ್ಸಿನಲ್ಲಿ ಕುಳಿತು ಗುರುತಿಸುವವರು ವಿರಳ. ಒಂದು ಹೆಡ್‌ಫೋನಿಗೂ ಇನ್ನೊಂದಕ್ಕೂ ಇರುವ ಸ್ವರೂಪದ ವ್ಯತ್ಯಾಸ ಅದಕ್ಕಿಂತ ಎಷ್ಟೋ ದೊಡ್ಡದು. ವೀಣೆಯ ತಂತಿಯ ಗುಂಯ್‌ಗುಡುವಿಕೆ ಒಂದರಲ್ಲಿ ಮುಚ್ಚಿಹೋದರೆ ಇನ್ನೊಂದರಲ್ಲಿ ಬಿಡಿಸಿಟ್ಟಂತೆ ಕೇಳುತ್ತದೆ. ನಿಮಗೆ ಚೆನ್ನಾಗಿ ಪರಿಚಯವಿರುವ ಎರಡು ಹಾಡುಗಳನ್ನು ಹಾಕಿ ಕೇಳುವುದೇ ಪರೀಕ್ಷೆ.

ವೈರ್ ಡಬ್ಬಿಯ ಮೇಲೆ ನೋಡಬೇಕಾದದ್ದು ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಹೆಡ್‌ಫೋನ್ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ. ಬೆಯರ್‌ಡೈನಾಮಿಕ್ ಡಿಟಿ 770 ಪ್ರೊ ಎಂಬ ಒಂದೇ ಮಾದರಿ 32, 80, 250 ಓಮ್‌ಗಳಲ್ಲಿ ಬರುತ್ತದೆ. ಫೋನ್, ಲ್ಯಾಪ್‌ಟಾಪ್‌ಗೆ ನೇರ ಹಾಕುವುದಾದರೆ 32 ಅಥವಾ 80ರದ್ದು ಸಾಕು. 250ರದ್ದು ಸ್ಟುಡಿಯೊ ಆಂಪ್ಲಿಫೈಯರ್‌ಗಳಿಗೆ. ಆನ್‌ಲೈನ್‌ನಲ್ಲಿ ರಿಯಾಯಿತಿ ಇದೆ ಎಂದು ಅದನ್ನು ತರಿಸಿದರೆ ಫೋನಿನಲ್ಲಿ ದನಿ ಪೀಚಾಗಿ ಬರಬಹುದು.

ಏಳನೆಯ ಹೆಜ್ಜೆ: ಎಷ್ಟು ವರ್ಷ ಬಾಳಬೇಕು?

ಸೋನಿ ಎಂಡಿಆರ್-7506 ಬಂದದ್ದು 1991ರಲ್ಲಿ, ಸೆನ್‌ಹೈಸರ್ ಎಚ್‌ಡಿ 600 ಬಂದದ್ದು 1997ರಲ್ಲಿ. ಎರಡೂ ದಶಕಗಳ ಕಾಲ ಮಾರುಕಟ್ಟೆಯಲ್ಲಿ ಉಳಿದವು, ಇವತ್ತಿಗೂ ಕೆಲಸಕ್ಕೆ ಬರುತ್ತವೆ. ವೈರ್ ಹೆಡ್‌ಫೋನಿನಲ್ಲಿ ಹಳತಾಗುವಂಥದ್ದು ಹೆಚ್ಚೇನಿಲ್ಲ. ಸಾಯುವುದು ವೈರ್, ಅದೂ ಪಿನ್‌ನ ಬುಡದಲ್ಲಿ, ಮಡಚಿ ಮಡಚಿ. ಅದಕ್ಕೇ ಬಿಚ್ಚಿ ಬದಲಿಸಬಹುದಾದ ವೈರ್ ಇರುವ ಮಾದರಿಯನ್ನೇ ಆರಿಸಿ. ಎಚ್‌ಡಿ 600ರಲ್ಲಿ ಆ ಅನುಕೂಲವಿದೆ, ಎಂಡಿಆರ್-7506ರಲ್ಲಿಲ್ಲ. ಬಿಚ್ಚಲಾಗದ್ದಾದರೂ ರೇಡಿಯೊ ರಿಪೇರಿಯವರು ಹೊಸ ಪಿನ್ ಬೆಸುಗೆ ಹಾಕಿ ಕೊಡುತ್ತಾರೆ.

ವೈರ್‌ಲೆಸ್‌ನ ಮಿತಿ ಬ್ಯಾಟರಿ ಎನ್ನುವುದು ವಾಡಿಕೆ. ಲೆಕ್ಕ ಹಾಕಿದರೆ ಅದು ಪೂರ್ತಿ ನಿಜವಲ್ಲ. ಲಿಥಿಯಂ ಬ್ಯಾಟರಿ ಸುಮಾರು 300ರಿಂದ 500 ಪೂರ್ಣ ಚಾರ್ಜ್‌ಗಳ ನಂತರ ತನ್ನ ಸಾಮರ್ಥ್ಯದ ಐದನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ 30 ಗಂಟೆ ಬರುವ ದೊಡ್ಡ ಹೆಡ್‌ಫೋನನ್ನು ದಿನಕ್ಕೆ 4 ಗಂಟೆ ಬಳಸಿದರೆ ವರ್ಷಕ್ಕೆ ಆಗುವುದು 50ರ ಆಸುಪಾಸು ಚಾರ್ಜ್. 5 ಗಂಟೆ ಬರುವ ಇಯರ್‌ಬಡ್‌ಗೆ ಅದೇ ಬಳಕೆಯಲ್ಲಿ 290 ದಾಟುತ್ತದೆ. ದೊಡ್ಡ ಹೆಡ್‌ಫೋನಿನ ಬ್ಯಾಟರಿಯನ್ನು ಕೊಲ್ಲುವುದು ಬಳಕೆಗಿಂತ ಹೆಚ್ಚಾಗಿ ವಯಸ್ಸು, ಬಿಸಿ ಮತ್ತು ಮರೆವು. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ತಿಂಗಳುಗಟ್ಟಲೆ ಬಳಸುವುದಿಲ್ಲವಾದರೆ ಅರ್ಧದಷ್ಟು ಚಾರ್ಜ್ ಮಾಡಿ ಎತ್ತಿಡಿ. ಪೂರ್ತಿ ಖಾಲಿಯಾದ ಬ್ಯಾಟರಿ ಬೀರುವಿನಲ್ಲೇ ಸತ್ತಿರಬಹುದು.

ಎರಡೂ ಬಗೆಯಲ್ಲಿ ಮೊದಲು ಕೈಕೊಡುವುದು ಕುಶನ್‌ನ ಕೃತಕ ಚರ್ಮ. ಕರಾವಳಿಯ ಬೆವರು, ತೇವದಲ್ಲಿ ಅದು ಬೇಗ ಸಿಪ್ಪೆಯೇಳುತ್ತದೆ. ಬದಲಿ ಕುಶನ್ ಸಿಗುತ್ತದೆಯೇ, ನಾವೇ ಹಾಕಿಕೊಳ್ಳಬಹುದೇ ಎಂದು ಕೊಳ್ಳುವ ಮೊದಲೇ ಹುಡುಕಿ ನೋಡಿ. ಮಡಚುವ ಕೀಲುಗಳನ್ನೂ ಒಮ್ಮೆ ತೆರೆದು ಮುಚ್ಚಿ ಪರೀಕ್ಷಿಸಿ.

ಎಂಟನೆಯ ಹೆಜ್ಜೆ: ಹಣದ ಮಾತು, ಈಗ

ಮೂರು ಸಾವಿರ ರೂಪಾಯಿಯೊಳಗೆ ಧ್ವನಿಯೇ ಮುಖ್ಯವಾದರೆ ನಾನು ವೈರ್ ಇರುವುದನ್ನೇ ಹೇಳುತ್ತೇನೆ. ಅಷ್ಟೇ ಹಣದ ವೈರ್‌ಲೆಸ್‌ನಲ್ಲಿ ಬ್ಯಾಟರಿ, ಚಿಪ್, ಮೈಕ್, ಎಎನ್‌ಸಿ ಎಲ್ಲಕ್ಕೂ ಪಾಲು ಹೋಗಿ ಧ್ವನಿಗೆ ಉಳಿಯುವುದು ಕಡಿಮೆ. ಅಗ್ಗದ ಎಎನ್‌ಸಿ ಇದ್ದೂ ಇಲ್ಲದಂತೆ. ಬೆಲೆ ಏರಿದಂತೆ ವೈರ್‌ಲೆಸ್ ತನ್ನ ಹಣಕ್ಕೆ ನ್ಯಾಯ ಒದಗಿಸಲು ತೊಡಗುತ್ತದೆ.

ವೈರ್ ಸಿಕ್ಕಿಸಬಹುದಾದ ವೈರ್‌ಲೆಸ್ ಕೊಂಡರೆ ಎರಡೂ ಸಿಕ್ಕಂತಲ್ಲವೇ ಎಂದು ಕೇಳಬಹುದು. ಸಿಕ್ಕಂತೆಯೇ, ಷರತ್ತುಗಳೊಂದಿಗೆ. ಕೆಲವು ಮಾದರಿಗಳು ಬ್ಯಾಟರಿ ಸತ್ತಿದ್ದರೂ ವೈರ್‌ನಲ್ಲಿ ಹಾಡುತ್ತವೆ, ಆದರೆ ಆಗ ಧ್ವನಿ ಬೇರೆಯೇ, ಸಾಮಾನ್ಯವಾಗಿ ಮಂಕು. ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ ಬ್ಯಾಟರಿ ಖಾಲಿಯಾದರೆ ವೈರ್ ಹಾಕಿದರೂ ಹಾಡುವುದಿಲ್ಲ. ವೈರ್ ಹಾಕಿದಾಗ ಮೈಕ್ ಕೆಲಸ ಮಾಡದ ಮಾದರಿಗಳೂ ಇವೆ. ಮೇಜಿಗೊಂದು ಸಾಧಾರಣ ವೈರ್, ಪ್ರಯಾಣಕ್ಕೊಂದು ವೈರ್‌ಲೆಸ್ ಎಂದು ಹಂಚಿಕೊಳ್ಳುವುದು ಒಂದೇ ದುಬಾರಿ ಹೆಡ್‌ಫೋನಿನಿಂದ ಎಲ್ಲ ಕೆಲಸ ಮಾಡಿಸುವುದಕ್ಕಿಂತ ಎಷ್ಟೋ ಸಲ ಅಗ್ಗ.

ಮನೆಗೆ ತಂದ ಮೇಲೆ

ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ ಮಾಡಬೇಕಾದ ಪರೀಕ್ಷೆಗಳಿವೆ. ಕನ್ನಡಕ ಧರಿಸುವವರಾದರೆ ಕನ್ನಡಕದೊಂದಿಗೇ ಎರಡು ಗಂಟೆ ಬಿಡದೆ ಹಾಕಿಕೊಳ್ಳಿ. ಅಂಗಡಿಯಲ್ಲಿ ಐದು ನಿಮಿಷಕ್ಕೆ ಹಿತವೆನಿಸಿದ್ದು ಒಂದು ಗಂಟೆಗೆ ನೆತ್ತಿ, ಕಿವಿಯ ಹಿಂಭಾಗ ಒತ್ತಬಹುದು. ತೂಕವೂ ಆಗಲೇ ಅರಿವಾಗುವುದು: ಏರ್‌ಪಾಡ್ಸ್ ಮ್ಯಾಕ್ಸ್ 385 ಗ್ರಾಂ ಹತ್ತಿರ, ಸೋನಿ ಡಬ್ಲ್ಯುಎಚ್-1000ಎಕ್ಸ್‌ಎಂ5 ಸುಮಾರು 250. ಒಬ್ಬರಿಗೆ ಕರೆ ಮಾಡಿ ನಿಮ್ಮ ದನಿ ಹೇಗಿದೆ ಎಂದು ಕೇಳಿ. ಫೋನನ್ನು ಒಂದು ಕೋಣೆಯಲ್ಲಿಟ್ಟು ಇನ್ನೊಂದಕ್ಕೆ ನಡೆದು ಹಾಡು ತುಂಡಾಗುತ್ತದೆಯೇ ನೋಡಿ. ಚಾರ್ಜ್‌ಗೆ ಹಾಕಿದಾಗ ಬಳಸಲು ಬರುತ್ತದೆಯೇ, ಕೆಲವು ಮಾದರಿಗಳಲ್ಲಿ ಬರುವುದಿಲ್ಲ. ವೈರ್‌ನದ್ದಾದರೆ ಪಿನ್ ಬಳಿ ವೈರನ್ನು ಮೆಲ್ಲಗೆ ಅಲ್ಲಾಡಿಸಿ, ಒಂದು ಕಿವಿಯ ಸದ್ದು ನಿಲ್ಲುವುದೋ ಗಮನಿಸಿ. ಆನ್‌ಲೈನ್ ಮಾರಾಟಗಾರರಲ್ಲಿ ಹಲವರು ಹಣ ಮರಳಿಸದೆ ಬದಲಿ ವಸ್ತುವನ್ನಷ್ಟೇ ಕೊಡುತ್ತಾರೆ, ಅದನ್ನು ಬಿಲ್ ಕಟ್ಟುವ ಮೊದಲೇ ಓದಿಕೊಳ್ಳಿ. ಗಡುವು ದಾಟುವವರೆಗೆ ಡಬ್ಬಿಯನ್ನು ಹರಿಯಬೇಡಿ, ಬಿಲ್ಲನ್ನು ವಾರಂಟಿ ಮುಗಿಯುವವರೆಗೂ ಎಸೆಯಬೇಡಿ.